ವಾಸನೆ ಹೋದರೆ ಕಣ್ಣಿಗೂ ಕುತ್ತೇ?

ಕೋವಿಡ್‌ನಿಂದ ಚೇತರಿಸಿಕೊಂಡ ಅನೇಕರಿಗೆ ಜ್ವರ, ಕೆಮ್ಮಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು ವಾಸನೆ ಮತ್ತು ರುಚಿ ಕಳೆದುಕೊಂಡ ದಿನಗಳು. ಒಗ್ಗರಣೆ ಸೀದರೂ ತಿಳಿಯದ, ಕಾಫಿಯೂ ಬಿಸಿನೀರಿನಂತೆ ಭಾಸವಾದ ಅನುಭವವದು. ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜೂನ್‌ನಲ್ಲಿ ಇದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಮೂಗನ್ನು ಹೀಗೆ ಕಾಡಿದ ವೈರಾಣು ಕಣ್ಣಿನ ಒಳಪದರವಾದ ಅಕ್ಷಿಪಟಲವನ್ನೂ ಬಾಧಿಸೀತೇ ಎಂಬ ಪ್ರಶ್ನೆ ಹುಟ್ಟಿದ್ದು ಅದೇ ವರ್ಷ.

ಬ್ರೆಜಿಲ್‌ನ 12 ರೋಗಿಗಳು

ಈ ಚರ್ಚೆಗೆ ನಾಂದಿ ಹಾಡಿದ್ದು ಬ್ರೆಜಿಲ್‌ನ ಸಾವೊ ಪಾಲೊ ನಗರದ ವೈದ್ಯರು. 2020ರ ಮೇ ತಿಂಗಳಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅವರ ಕಿರುವರದಿ ಪ್ರಕಟವಾಯಿತು. ಅವರು ಪರೀಕ್ಷಿಸಿದ 12 ಮಂದಿಯಲ್ಲಿ 11 ಮಂದಿ ವಾಸನೆ ಕಳೆದುಕೊಂಡಿದ್ದರು. ರೋಗಲಕ್ಷಣ ಕಾಣಿಸಿಕೊಂಡ 11ರಿಂದ 33 ದಿನಗಳ ನಡುವೆ ಅವರ ಕಣ್ಣುಗಳನ್ನು ಓಸಿಟಿ ಎಂಬ ಯಂತ್ರದಿಂದ ತಪಾಸಣೆ ಮಾಡಲಾಯಿತು. ಬೆಳಕಿನ ನೆರವಿನಿಂದ ಅಕ್ಷಿಪಟಲದ ಪದರಗಳ ಅಡ್ಡಸೀಳು ಚಿತ್ರವನ್ನು ತೆಗೆಯುವ ಯಂತ್ರವಿದು.

ದೃಷ್ಟಿಯ ಸಂದೇಶವನ್ನು ಮಿದುಳಿಗೆ ಸಾಗಿಸುವ ಗ್ಯಾಂಗ್ಲಿಯಾನ್ ಕೋಶಗಳ ಪದರದಲ್ಲಿ ಎಲ್ಲರಿಗೂ ಹೊಳಪಿನ ಗುರುತುಗಳು ಕಂಡವು. ನಾಲ್ವರಲ್ಲಿ ಹತ್ತಿಯ ಎಳೆಯಂತಹ ಬಿಳಿ ಚುಕ್ಕೆಗಳೂ ಸೂಕ್ಷ್ಮ ರಕ್ತಸ್ರಾವವೂ ಇದ್ದವು. ಆದರೆ ಯಾರ ದೃಷ್ಟಿಯೂ ಕುಂದಿರಲಿಲ್ಲ.

ತಜ್ಞರ ಆಕ್ಷೇಪ

ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದರ ಬೆನ್ನಲ್ಲೇ ಬಂದ ಆಕ್ಷೇಪಣೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಚಿತ್ರಗಳಲ್ಲಿ ಕಾಣುವ ಹೊಳಪಿನ ಗುರುತುಗಳು ಗಾಯಗಳಲ್ಲ, ಆರೋಗ್ಯವಂತರ ಕಣ್ಣಿನಲ್ಲೂ ಕಾಣುವ ಸಾಮಾನ್ಯ ರಕ್ತನಾಳಗಳೇ ಇರಬಹುದು ಎಂದು ಹಲವು ಅಕ್ಷಿಪಟಲ ತಜ್ಞರು ವಾದಿಸಿದರು. ಹೋಲಿಕೆಗಾಗಿ ಸೋಂಕು ತಗುಲದವರ ಕಣ್ಣುಗಳನ್ನು ವರದಿಯಲ್ಲಿ ಪರಿಗಣಿಸಿರಲಿಲ್ಲ. 12ರಲ್ಲಿ 11 ಎಂಬ ಅಂಕಿಯಿಂದ ವಾಸನೆಗೂ ಅಕ್ಷಿಪಟಲಕ್ಕೂ ನಂಟು ಕಲ್ಪಿಸಲು ಬರುವುದಿಲ್ಲ. ಆಗಿನ ರೋಗಿಗಳಲ್ಲಿ ವಾಸನೆ ನಷ್ಟ ತೀರಾ ಸಾಮಾನ್ಯವಾಗಿತ್ತು.

ಹಾಗೆಂದು ಕಣ್ಣು ಸಂಪೂರ್ಣ ಸುರಕ್ಷಿತವೆಂದೂ ಅಲ್ಲ. ಜರ್ಮನಿಯಲ್ಲಿ ಕೋವಿಡ್‌ನಿಂದ ಮೃತಪಟ್ಟ 14 ಮಂದಿಯ ಅಕ್ಷಿಪಟಲ ಪರೀಕ್ಷಿಸಿದಾಗ ಮೂವರಲ್ಲಿ ವೈರಾಣುವಿನ ಆರ್‌ಎನ್‌ಎ ಪತ್ತೆಯಾಗಿತ್ತು. ವೈರಾಣುವಿನ ಕುರುಹು ಸಿಕ್ಕಿತೆಂದ ಮಾತ್ರಕ್ಕೆ ಅದರಿಂದ ಹಾನಿಯಾಗಿದೆ ಎಂದು ಹೇಳಲಾಗದು.

ಮೂಗಿನ ದಾರಿಯೇ ಬೇರೆ

ವೈರಾಣು ಮೂಗಿನಲ್ಲಿ ಮುಖ್ಯವಾಗಿ ದಾಳಿ ಮಾಡುವುದು ವಾಸನೆಯ ನರಕೋಶಗಳ ಮೇಲಲ್ಲ, ಅವುಗಳಿಗೆ ಆಸರೆಯಾಗಿರುವ ಪೋಷಕ ಕೋಶಗಳ ಮೇಲೆ. ವೈರಾಣು ಒಳಹೊಗಲು ಬೇಕಾದ ಎಸಿಇ-2 ಎಂಬ ಗ್ರಾಹಕ ಇರುವುದು ಈ ಪೋಷಕ ಕೋಶಗಳಲ್ಲಿ. ಇವು ಮತ್ತೆ ಬೆಳೆಯುತ್ತವೆ. ಬಹುತೇಕರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿದ್ದು ಈ ಕಾರಣದಿಂದಲೇ.

ಅಕ್ಷಿಪಟಲದ ಕತೆ ಬೇರೆ. ಅಲ್ಲಿನ ನರಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿ ಹೆಚ್ಚಿನ ಭಯವಿರುವುದು ರಕ್ತನಾಳಗಳ ಬಗ್ಗೆ. ಸೋಂಕು ರಕ್ತ ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುತ್ತದೆ. ಕೂದಲೆಳೆಯಷ್ಟು ತೆಳುವಾದ ನಾಳದಲ್ಲಿ ಹರಿವು ನಿಂತರೆ ಆ ಭಾಗದ ಪದರ ಊದಿಕೊಂಡು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಇದು ಹೆಚ್ಚಾಗಿ ತಾನಾಗಿಯೇ ಮಾಯವಾಗುತ್ತದೆ. ದೊಡ್ಡ ನಾಳ ಮುಚ್ಚಿದರೆ ದೃಷ್ಟಿಯೇ ಹೋಗಬಹುದು. ಅಮೆರಿಕದಲ್ಲಿ 4 ಲಕ್ಷಕ್ಕೂ ಹೆಚ್ಚು ಸೋಂಕಿತರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸೋಂಕಿನ ನಂತರ ಅಕ್ಷಿಪಟಲದ ಅಭಿಧಮನಿ ಮುಚ್ಚಿಕೊಳ್ಳುವ ಪ್ರಕರಣಗಳು ಹೆಚ್ಚಿದ್ದನ್ನು ಗುರುತಿಸಿತು. ಆದರೂ ಒಟ್ಟಾರೆ ಇಂತಹ ಪ್ರಕರಣಗಳು ವಿರಳವೇ.

2021ರ ಎರಡನೇ ಅಲೆಯ ವೇಳೆ ಕರ್ನಾಟಕದಲ್ಲಿಯೂ ಹಲವರ ಕಣ್ಣು ಕಸಿದ 'ಕಪ್ಪು ಶಿಲೀಂಧ್ರ' ಬೇರೆಯದೇ ಕಾಯಿಲೆ. ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸ್ಟೆರಾಯ್ಡ್‌ನ ಅತಿಬಳಕೆ ಅದಕ್ಕೆ ದಾರಿ ಮಾಡಿದ್ದವು.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ವಾಸನೆ ಹೋಗಿತ್ತು ಎಂಬ ಒಂದೇ ಕಾರಣಕ್ಕೆ ದುಬಾರಿ ಸ್ಕ್ಯಾನಿಂಗ್‌ಗೆ ಧಾವಿಸುವ ಅಗತ್ಯವಿಲ್ಲ. ಆದರೆ ಒಂದು ಕಣ್ಣಿನ ದೃಷ್ಟಿ ಥಟ್ಟನೆ ಮಂಜಾದರೆ, ನೋಟದ ನಡುವೆ ಕಪ್ಪು ಕಲೆ ನಿಂತರೆ, ಮಿಂಚಿನಂತಹ ಬೆಳಕು ಸುಳಿದರೆ ಅಥವಾ ನೇರ ಗೆರೆಗಳು ಡೊಂಕಾಗಿ ಕಂಡರೆ ಅದೇ ದಿನ ನೇತ್ರತಜ್ಞರನ್ನು ಕಾಣಬೇಕು. ನೋವಿಲ್ಲವೆಂದು ಸುಮ್ಮನಿರುವಂತಿಲ್ಲ, ಅಕ್ಷಿಪಟಲದ ತೊಂದರೆಗಳಲ್ಲಿ ಬಹುಪಾಲು ನೋವು ಕೊಡುವುದಿಲ್ಲ. ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ಕ್ಯಾಲೆಂಡರ್ ನೋಡಿದರೆ ವ್ಯತ್ಯಾಸ ಮನೆಯಲ್ಲೇ ತಿಳಿಯುತ್ತದೆ.

ಮಧುಮೇಹ, ರಕ್ತದೊತ್ತಡ ಇರುವವರು ಸೋಂಕು ತಗುಲಿರಲಿ, ಬಿಡಲಿ, ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿಕೊಂಡು ಅಕ್ಷಿಪಟಲ ತೋರಿಸಿಕೊಳ್ಳಬೇಕು. ಅದೇ ಬಿಳಿ ಚುಕ್ಕೆಗಳನ್ನು ಈ ಎರಡು ಕಾಯಿಲೆಗಳೂ ಮೂಡಿಸುತ್ತವೆ. ಚುಕ್ಕೆ ಕಂಡಾಗ ಕೋವಿಡ್ ಮೇಲೆ ಹೊಣೆ ಹೊರಿಸಿ ಸಕ್ಕರೆ ಪ್ರಮಾಣ ಪರೀಕ್ಷಿಸುವುದನ್ನು ಮರೆತರೆ, ಸಕಾಲದಲ್ಲಿ ತಡೆಯಬಹುದಾಗಿದ್ದ ಕುರುಡುತನಕ್ಕೆ ಅವಕಾಶ ಕೊಟ್ಟಂತಾಗುತ್ತದೆ.