ಚಕ್ರದ ಮೇಲಿನ ಮನೆಯಲ್ಲಿ ಅಜ್ಜಿಯ ತವರಿಗೆ

"ಇರೋ ಮನೆ ಬಿಟ್ಟು ಗಾಡೀಲಿ ಯಾಕವ್ವಾ ಮಲಗಬೇಕು?" ಕ್ಯಾಂಪರ್ ವ್ಯಾನ್ ಬಾಗಿಲಲ್ಲಿ ನಿಂತು ಅಜ್ಜಿ ಕೇಳಿದ ಮೊದಲ ಪ್ರಶ್ನೆ ಇದು.

ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಗೌರಿ ಹಬ್ಬಕ್ಕೆ ಹದಿನೈದು ದಿನ ಇತ್ತು. ವೀಕೆಂಡ್‌ಗೆ ಒಂದು ದಿನ ರಜೆ ಸೇರಿಸಿ, ಟೆಂಪೋ ಟ್ರಾವೆಲರನ್ನು ಮನೆಯಂತೆ ಮಾರ್ಪಡಿಸಿದ ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದಿದ್ದೆವು. ಎರಡು ಹಾಸಿಗೆ, ಪುಟ್ಟ ಸಿಂಕ್, ಒಲೆ, ನೀರಿನ ಟ್ಯಾಂಕ್. ನಾನು, ನನ್ನ ಗಂಡ, ಆರು ವರ್ಷದ ಮಗ, 74ರ ಅಜ್ಜಿ. ಗಂಡನಿಗೆ ಕಬಿನಿಯಲ್ಲಿ ಹುಲಿ ನೋಡುವ ಆಸೆ. ನನಗೆ ದಾರಿಯಲ್ಲಿ ಸಿಗುವ ಸಣ್ಣ ಊರುಗಳ ವಿಚಿತ್ರಗಳನ್ನು ನೋಡುವ ಆಸೆ. ಅಜ್ಜಿಗೆ ಏನಾಸೆ ಅಂತ ಯಾರೂ ಕೇಳಿರಲಿಲ್ಲ.

ಜಾಗ ಬದಲಿಸಿದ ಊರು

ಮೈಸೂರಿನಿಂದ ಹೊರಟು ಮೊದಲು ನಿಂತದ್ದು ಕೆ.ಆರ್. ನಗರದಲ್ಲಿ. ಬಸ್ಸಲ್ಲಿ ಹೋಗುವವರಿಗೆ ಇದು ಎಲ್ಲ ಊರಿನಂತೆ ಇನ್ನೊಂದು ಊರು. ಆದರೆ ಇದು ಮೂಲದಲ್ಲಿ ಇದ್ದದ್ದು ಈ ಜಾಗದಲ್ಲಲ್ಲ. ಕಾವೇರಿ ದಡದ ಎಡತೊರೆಯೇ ಹಳೆಯ ಊರು. 1920ರ ದಶಕದ ಪ್ರವಾಹದ ನಂತರ ಸ್ವಲ್ಪ ದೂರದಲ್ಲಿ ಹೊಸ ಊರು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು.

ಜನ ಹೊರಟರು, ದೇವರು ಹೊರಡಲಿಲ್ಲ. ಅರ್ಕೇಶ್ವರ ಇವತ್ತಿಗೂ ಹಳೇ ಎಡತೊರೆಯ ಹೊಳೆದಂಡೆಯಲ್ಲೇ ಇದ್ದಾನೆ. ಅರ್ಕ ಅಂದರೆ ಸೂರ್ಯ. ಗುಡಿಯ ಮುಂದೆ ಅಜ್ಜಿ ಬಹಳ ಹೊತ್ತು ಕೂತಳು. "ಇವ್ರು ಪುಣ್ಯವಂತ್ರು. ಬಂದು ನೋಡಾಕೆ ಹಳೇ ಜಾಗ ಅದೆ" ಅಂದಳು. ನಾನು ಫೋಟೋ ತೆಗೆಯುತ್ತಿದ್ದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಜೋಳದ ಹೊಲದ ನಡುವೆ ಚಿನ್ನದ ಬುದ್ಧ

ಮಧ್ಯಾಹ್ನ ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ. ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಜಾಗ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಅವರು ಕಾಡು ಕಡಿದು ಹೊಲ ಮಾಡಿಕೊಂಡರು. ನಮ್‌ಡ್ರೋಲಿಂಗ್ ಮಠ ಶುರುವಾಗಿದ್ದು 1963ರಲ್ಲಿ. ನಾವೆಲ್ಲ 'ಗೋಲ್ಡನ್ ಟೆಂಪಲ್' ಅನ್ನುವ ಮಂದಿರ ಉದ್ಘಾಟನೆ ಆಗಿದ್ದು 1999ರಲ್ಲಿ. ಒಳಗೆ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳು. ನಡುವಿನ ಬುದ್ಧ 60 ಅಡಿ, ಅಕ್ಕಪಕ್ಕದ ಪದ್ಮಸಂಭವ ಮತ್ತು ಅಮಿತಾಯು 58 ಅಡಿ.

ಹೊರಗೆ ಮೊಮೊ ತಿನ್ನುತ್ತಾ ಅಜ್ಜಿ ಹೋಟೆಲಿನ ಟಿಬೆಟನ್ ಅಜ್ಜಿಯ ಜೊತೆ ಕನ್ನಡದಲ್ಲಿ ಹರಟೆ ಹೊಡೆದಳು. "ನಿಮ್ಮೂರಿಗೆ ಹೋಗಿದ್ರಾ?" ಅಂತ ಕೇಳಿದಳು. ಆಕೆ ನಕ್ಕು, ಇಲ್ಲ ಅಂತ ತಲೆಯಾಡಿಸಿದರು. ಅಜ್ಜಿಯೂ ನಕ್ಕಳು. ಇಬ್ಬರೂ ನಕ್ಕಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಅವತ್ತು ರಾತ್ರಿ.

ಯಾರೂ ಇರದ ಎತ್ತರದ ಮನೆಗಳು

ರಾತ್ರಿ ವ್ಯಾನ್ ನಿಲ್ಲಿಸಿದ್ದು ಹುಣಸೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ನೆಂಟರ ಕಣದಲ್ಲಿ. ಸುತ್ತಲೂ ಕಿರಿದಾದ, ಎತ್ತರದ ಮನೆಗಳು. ನೋಡೋಣ ಅಂದರೆ ಒಂದಕ್ಕೂ ಸರಿಯಾದ ಕಿಟಕಿ ಇಲ್ಲ, ಹೊಗೆ ಮಾತ್ರ ಬರುತ್ತಿದೆ. "ಇಲ್ಲಿ ಯಾರಿರ್ತಾರೆ?" ಮಗನ ಪ್ರಶ್ನೆ.

"ಯಾರೂ ಇರಾಕಿಲ್ಲ ಕಣ್ಲಾ. ಹೊಗೆಸೊಪ್ಪಿನ ಬ್ಯಾರನ್ ಅದು" ಅಂದಳು ಅಜ್ಜಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ವರ್ಜೀನಿಯಾ ತಂಬಾಕು ಹದವಾಗುವುದು ಈ ಬ್ಯಾರನ್‌ಗಳಲ್ಲೇ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತು ಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಕೊಳವೆಯಲ್ಲಿ ಬರುವ ಶಾಖಕ್ಕೆ ಎಲೆ ಹಳದಿಯಾಗುತ್ತದೆ. ಬೆಂಕಿ ಏರಬಾರದು, ಇಳಿಯಲೂಬಾರದು. ಹಾಗಾಗಿ ರಾತ್ರಿಯೆಲ್ಲ ಒಬ್ಬರು ಎದ್ದಿರಲೇಬೇಕು. ಮನೆಯ ಯಜಮಾನರ ಜೊತೆ ಆ ಒಲೆಯ ಮುಂದೆ ಕೂತಿದ್ದಾಗ ಗಂಡ ಮರುದಿನದ ಸಫಾರಿ ವಿಷಯ ತೆಗೆದರು.

ಅಜ್ಜಿ ಮೆಲ್ಲಗೆ ಕೇಳಿದಳು: "ಕಬಿನಿಗೆ ಹೋಗೋದಾದ್ರೆ ಬೇಗೂರು ಕಡೆಯಿಂದ ಹೋಗಾಣ್ವಾ? ಅಲ್ಲಿಂದ ನನ್ ತವರು ಕಾಣ್ತದೆ."

"ಎಲ್ಲಿದೆ ಅಜ್ಜಿ?"

"ನೀರೊಳಗೆ."

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಆಗ ಅಜ್ಜಿಗೆ 23, ನನ್ನ ಅಮ್ಮ ಕಂಕುಳ ಕೂಸು. ತವರಿನವರು ಬಾಗಿಲು, ತೊಲೆ, ಹಂಚು, ಒರಳು ಎಲ್ಲ ಎತ್ತಿನ ಗಾಡಿಗೆ ಹೇರಿಕೊಂಡು ಬೇರೆ ಕಡೆ ಹೋದರಂತೆ. "ಇಂಥ ಗಾಡಿ ಆಗ ಇದ್ದಿದ್ರೆ ಮನೇನೇ ಹೊಡ್ಕೊಂಡು ಹೋಗ್ತಿದ್ದೋ" ಅಂತ ಅಜ್ಜಿ ನಕ್ಕಳು. ಈ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಜಾಗವನ್ನು ಮತ್ತೆ ನೋಡಬೇಕು ಅಂತ ಅವಳಿಗೆ ಇರಬಹುದು ಅಂತ ಮಾತ್ರ ಒಮ್ಮೆಯೂ ಅನ್ನಿಸಿರಲಿಲ್ಲ.

ಸಫಾರಿ ಕ್ಯಾನ್ಸಲ್ ಮಾಡಿದೆವು. ಗಂಡ ಗೊಣಗಲಿಲ್ಲ.

ಎನ್. ಬೇಗೂರಿನ ಕಡೆಗೆ

ಬೆಳಿಗ್ಗೆ ಹುಣಸೂರಿನಲ್ಲಿ ಬಾಳೆಹಣ್ಣು, ವೀಳ್ಯದೆಲೆ ತಗೊಂಡಳು ಅಜ್ಜಿ. ತವರಿಗೆ ಬರಿಗೈಲಿ ಹೋಗೋದುಂಟೇ?

ಎಚ್.ಡಿ. ಕೋಟೆ ದಾಟಿ ಎನ್. ಬೇಗೂರು ಕಡೆ ತಿರುಗಿದ ಮೇಲೆ ಅಜ್ಜಿಗೆ ಮಾತೇ ಮಾತು. 1971ರಲ್ಲಿ ಕಾಕನಕೋಟೆಯಲ್ಲಿ ಆನೆ ಹಿಡಿದ ಕಡೇ ಖೆಡ್ಡಾ, ಆಗ ಸೇರಿದ್ದ ಜನ, ಆನೆಗಳ ಕೂಗು. ಈ ಸೀಮೆಗೆ ಇನ್ನೂ ಹಳೆಯ ಕತೆಯಿದೆ. ಕಪಿಲೆಯ ದಡದ ಕಿತ್ತೂರೇ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ. ಗ್ರೀಕ್ ಭೂಗೋಳಜ್ಞ ಟಾಲೆಮಿಯ ಬರಹದಲ್ಲೂ ಪುನ್ನಾಟದ ಹೆಸರಿದೆ. ನಮಗೆ ಕಬಿನಿ ಅಂದರೆ ರೆಸಾರ್ಟ್ ಮಾತ್ರ!

ಭೀಮನಕೊಲ್ಲಿಯ ಮಹದೇಶ್ವರನ ಗುಡಿ ಹಿನ್ನೀರಿನ ದಡದಲ್ಲೇ ಇದೆ. ಮಳೆಗಾಲ, ಜಲಾಶಯ ತುಂಬಿತ್ತು. ಗರಿಷ್ಠ ಮಟ್ಟ 2,284 ಅಡಿ, 19.52 ಟಿಎಂಸಿ ನೀರು ಅಂತ ಪೇಪರಿನಲ್ಲಿ ಓದುವ ಅಂಕಿ ಕಣ್ಣಮುಂದೆ ಸಮುದ್ರದಂತೆ ಹರಡಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳ ಹಿಂಡು ಬರುತ್ತದೆ. ಈಗ ನೀರು ಬಿಟ್ಟರೆ ಏನೂ ಇಲ್ಲ.

ಅಜ್ಜಿ ಕೈ ಚಾಚಿ ತೋರಿಸಿದಳು. "ಅಲ್ಲಿ ಹುಣಸೆಮರ. ಅದರ ಪಕ್ಕ ಬಾವಿ. ಬಾವಿ ದಾಟಿದ್ರೆ ನಮ್ಮನೆ." ಮಗ ಆ ನೀರನ್ನೇ ದಿಟ್ಟಿಸಿ, "ನಂಗೆ ಕಾಣ್ತಿಲ್ಲ ಅಜ್ಜಿ" ಅಂದ.

"ನಂಗೆ ಕಾಣ್ತದೆ ಬುಡು" ಅಂದಳು.

ಎಲೆ, ಬಾಳೆಹಣ್ಣು ಇಟ್ಟು ನೀರಿಗೆ ಕೈಮುಗಿದಳು. ಎದ್ದು ಬರುವಾಗ ಸೆರಗು ಸರಿಮಾಡಿಕೊಳ್ಳುತ್ತಾ, "ತವರಿಂದ ಬರಿ ಮಡಿಲಲ್ಲಿ ಹೋಗಬಾರದು. ಏನ್ ಮಾಡದು" ಅಂತ ತನ್ನಷ್ಟಕ್ಕೆ ಅಂದುಕೊಂಡಳು.

ನಾನು ವ್ಯಾನಿಗೆ ಓಡಿದೆ. ಡಬ್ಬದಲ್ಲಿ ರಾತ್ರಿ ಅಡುಗೆಗೆ ಇಟ್ಟಿದ್ದ ಅಕ್ಕಿ ಇತ್ತು, ಒಂದು ತೆಂಗಿನಕಾಯಿ, ಒಂದಚ್ಚು ಬೆಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಅಜ್ಜಿಯನ್ನು ಕೂರಿಸಿ ಮಡಿಲಕ್ಕಿ ತುಂಬಿದೆ. ಮೊಮ್ಮಗಳು ಅಜ್ಜಿಗೆ ಮಡಿಲು ತುಂಬುವ ಪದ್ಧತಿ ಎಲ್ಲಾದರೂ ಇದೆಯೋ ಇಲ್ಲವೋ. ಅವಳು ಬೇಡ ಅನ್ನಲಿಲ್ಲ.

ಹೋಗುವವರಿಗೆ ಒಂದೆರಡು ಮಾತು

ಕಾಡಂಚಿನಲ್ಲಿ ವ್ಯಾನ್ ನಿಲ್ಲಿಸಿ ಮಲಗುವ, ಒಲೆ ಹಚ್ಚುವ ಯೋಚನೆ ಬೇಡ. ಮೈಸೂರು–ಮಾನಂತವಾಡಿ ಕಾಡುದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಿನ್ನೀರಿಗೆ ಇಳಿಯಬೇಡಿ, ಕತ್ತಲಾಗುವ ಮೊದಲೇ ಹೊರಡಿ. ರಾತ್ರಿಗೆ ಪರಿಚಯದವರ ಕಣವೋ ಅಂಗಳವೋ ಕೇಳಿಟ್ಟುಕೊಳ್ಳಿ.

ಮನೆಯಲ್ಲಿ ಹಿರಿಯರಿದ್ದರೆ ಮ್ಯಾಪ್ ತೆರೆಯುವ ಮೊದಲು ಅವರನ್ನು ಕೇಳಿ. ನಮ್ಮ ಲಿಸ್ಟಿನಲ್ಲಿ ಇರದ ಊರು ಅವರ ಮನಸ್ಸಿನಲ್ಲಿ ಇರುತ್ತದೆ.

ಆ ಮಡಿಲಕ್ಕಿಯಲ್ಲಿ ಅಜ್ಜಿ ಗೌರಿ ಹಬ್ಬದ ದಿನ ಪಾಯಸ ಮಾಡಿದಳು.