ಪಿಕಪ್ ಗಾಡಿಗೆ ಇನ್ನೆರಡು ಚಾರ್ಜಿಂಗ್ ಪಾಯಿಂಟ್

ಕೋಲಾರದಿಂದ ಟೊಮೆಟೊ ತುಂಬಿಕೊಂಡು ರಾತ್ರಿಯಿಡೀ ಓಡೋ ಪಿಕಪ್. ಡ್ಯಾಶ್‌ಬೋರ್ಡಲ್ಲಿ ಇರೋದು ಒಂದೇ ಸಾಕೆಟ್. ಡ್ರೈವರ್ ಫೋನು, ಕ್ಲೀನರ್ ಫೋನು, ಪುಟ್ಟ ಫ್ಯಾನು, ಎಲ್ಲಕ್ಕೂ ಅದೇ. ಆಗ ಎಷ್ಟೋ ಜನ ಅದರ ಹಿಂದಿನ ವೈರಿಗೇ ಇನ್ನೊಂದು ವೈರು ತಿರುಚಿ ಟೇಪ್ ಸುತ್ತಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಟರಿಯಿಂದಲೇ ಬೇರೆ ವೈರು ಎಳೆಯಿರಿ.

ಲೆಕ್ಕ ನೋಡಿ. ಬ್ಯಾಟರಿ 12 ವೋಲ್ಟ್. 120 ವ್ಯಾಟ್ ಎಳೆದರೆ 10 ಆಂಪಿಯರ್ ಹರಿಯುತ್ತೆ. ಮನೆಯ 230 ವೋಲ್ಟಲ್ಲಿ ಅದೇ ಕೆಲಸಕ್ಕೆ ಅರ್ಧ ಆಂಪಿಯರ್ ಸಾಕು. ಅದಕ್ಕೇ ಗಾಡಿಯಲ್ಲಿ ವೈರು ದಪ್ಪ ಇರಬೇಕು: 2.5 ಚದರ ಮಿಲಿಮೀಟರ್ ತಾಮ್ರ, ಜೊತೆಗೆ 15 ಆಂಪಿಯರ್ ಫ್ಯೂಸ್.

ಆ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಲಿ. ಅದು ಇರೋದು ವೈರನ್ನ ಕಾಯೋಕೆ. ಫ್ಯೂಸಿಗಿಂತ ಹಿಂದಿನ ತುಂಡಿಗೆ ಕಾವಲೇ ಇಲ್ಲ. ಅದು ಗಾಡಿಯ ತಗಡಿಗೆ ತಾಗಿದರೆ ಬೆಂಕಿ ಹೊತ್ತಬಹುದು.

ಇಂಜಿನ್ ಕಡೆಯಿಂದ ಕ್ಯಾಬಿನ್‌ಗೆ ವೈರು ನುಗ್ಗೋ ತೂತು ನೋಡಿ. ತಗಡಿನ ಅಂಚು ಬ್ಲೇಡಿನ ಹಾಗಿರುತ್ತೆ. ರಸ್ತೆಯ ಒಂದೊಂದು ಗುಂಡಿಗೂ ವೈರಿನ ಸಿಪ್ಪೆ ಇಲ್ಲಿ ಸವೆಯುತ್ತೆ. ರಬ್ಬರ್ ಬುಷ್ ಕೂರಿಸಲೇಬೇಕು.

ಫ್ಯೂಸಿಗೂ ಸಾಕೆಟ್‌ಗೂ ನಡುವೆ ಒಂದು ರಿಲೇ. ಅದರ ಪಿನ್ ನಂಬರ್ 30ಕ್ಕೆ ಫ್ಯೂಸಿನಿಂದ ಬಂದ ವೈರು, 87ರಿಂದ ಸಾಕೆಟ್‌ಗೆ, 86ಕ್ಕೆ ಕೀ ಲೈನು, 85 ಅರ್ಥ್. ಕೀ ತೆಗೆದರೆ ಸಾಕೆಟ್ಟೂ ಆಫ್. ಬ್ಯಾಟರಿ ಖಾಲಿಯಾಗಿ ಬೆಳಗ್ಗೆ ಮಂಡಿಯಲ್ಲಿ ಗಾಡಿ ತಳ್ಳಿಸೋ ಪಾಡು ಬರಲ್ಲ.

ಕೈ ಹಾಕೋ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಲೋಡ್ ಕೊಟ್ಟು ಜಾಯಿಂಟ್‌ಗಳನ್ನ ಮುಟ್ಟಿ ನೋಡಿ. ಎಲ್ಲಿ ಬಿಸಿ ಇದೆಯೋ ಅಲ್ಲಿ ಸಡಿಲ ಇದೆ. ಬಿಚ್ಚಿ, ಮತ್ತೆ ಗಟ್ಟಿಯಾಗಿ ಕ್ರಿಂಪ್ ಮಾಡಿ.