ಬೆಟ್ಟ ಬಾಗಿಲು ತೆಗೆಯುವ ಹೊತ್ತು

ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರೂವರೆ. ಅಮೆರಿಕದ ಕೊಲೊರಾಡೊದಲ್ಲಿ ಬೆಳಗಿನ ಜಾವ ನಾಲ್ಕು. ಅಕ್ಟೋಬರ್ ತಿಂಗಳು. ಅರಾಪಾಹೊ ಬೇಸಿನ್ ಎಂಬ ಸ್ಕೀ ಬೆಟ್ಟದ ಮೇಲಿನ ಕ್ಯಾಮೆರಾ ಕಳಿಸುವ ಚಿತ್ರವನ್ನು ಫೋನಿನಲ್ಲಿ ನೋಡುತ್ತ ಕೂತಿದ್ದೇನೆ. ಸುತ್ತ ಕತ್ತಲು. ದೀಪದ ಬೆಳಕು ಬಿದ್ದಲ್ಲಿ ಮಾತ್ರ ಬಿಳಿ ಹೊಗೆಯಂಥದ್ದೇನೋ ಭುಸ್ಸೆಂದು ಮೇಲೇರಿ, ಬಾಗಿ, ನಿಧಾನವಾಗಿ ನೆಲಕ್ಕಿಳಿಯುತ್ತಿದೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಆದರೂ ಹಿಮ ಬೀಳುತ್ತಿದೆ!

ಚಳಿಗಾಲ ಬರುತ್ತದೆ, ಹಿಮ ಸುರಿಯುತ್ತದೆ, ಬೆಟ್ಟ ಬೆಳ್ಳಗಾಗುತ್ತದೆ, ಜನ ಸ್ಕೀ ಕಟ್ಟಿಕೊಂಡು ಜಾರುತ್ತಾರೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದುದು ಇಷ್ಟೇ. ಆ ರಾತ್ರಿಯ ಬಿಳಿ ಹೊಗೆಯ ಹಿಂದೆ ಬಿದ್ದೆ ನೋಡಿ, ಒಂದರ ಹಿಂದೊಂದು ಬಾಗಿಲು ತೆರೆಯುತ್ತ ಹೋಯಿತು.

ಮೊದಲು ಜಾಗದ ಮಾತು. ಅರಾಪಾಹೊ ಬೇಸಿನ್ನಿನ ಬುಡವೇ ಸಮುದ್ರಮಟ್ಟದಿಂದ ಸುಮಾರು 3,286 ಮೀಟರ್ ಎತ್ತರದಲ್ಲಿದೆ, ತುದಿ 3,978 ಮೀಟರ್. ಪಕ್ಕದಲ್ಲೇ, ಖಂಡವನ್ನು ಎರಡಾಗಿ ಸೀಳುವ ಏಣಿನ ಆಚೆ ಬದಿಗೆ ಲವ್‌ಲ್ಯಾಂಡ್ ಎಂಬ ಇನ್ನೊಂದು ಬೆಟ್ಟ. ಏಣಿನ ಈಚೆ ಕರಗಿದ ನೀರು ಶಾಂತಸಾಗರದ ಕಡೆಗೆ, ಆಚೆ ಕರಗಿದ್ದು ಅಟ್ಲಾಂಟಿಕ್ಕಿನ ಕಡೆಗೆ. 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ ಲವ್‌ಲ್ಯಾಂಡಿನ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಕೆಳಗೆ ಕಾರುಗಳ ಸಾಲು, ಮೇಲೆ ಜಾರುವ ಜನ! ಪ್ರತಿ ಶರತ್ಕಾಲ, ಜಾರುವವರನ್ನು ಬೆಟ್ಟದ ಮೇಲಕ್ಕೊಯ್ಯುವ ಲಿಫ್ಟನ್ನು ದೇಶದಲ್ಲೇ ಮೊದಲು ಓಡಿಸುವವರು ಯಾರು ಎಂಬ ಪೈಪೋಟಿಯಲ್ಲಿ ಈ ನೆರೆಹೊರೆ ಬೆಟ್ಟಗಳು ಮುಂಚೂಣಿಯಲ್ಲಿರುತ್ತವೆ. 2019ರಲ್ಲಿ ಅರಾಪಾಹೊ ಬೇಸಿನ್ ಹಿಂದಿನ ಋತುವನ್ನು ಮುಗಿಸಿದ್ದೇ ಜುಲೈ 4ರಂದು. ಹೊಸ ಋತುವಿಗೆ ಬಾಗಿಲು ತೆಗೆದದ್ದು ಅಕ್ಟೋಬರ್ 11ರಂದು. ನಡುವೆ ನೂರು ದಿನ ಕೂಡ ಇಲ್ಲ.

ಇಷ್ಟು ಬೇಗ ಹೇಗೆ? ಉತ್ತರ ನಮ್ಮ ಅಡುಗೆಮನೆಯ ಮೂಲೆಯಲ್ಲೇ ಇದೆ ಎಂದು ತಿಳಿದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಮಣ್ಣಿನ ಮಡಕೆ! ವಿಜಯಪುರದ ಸುಡುಬಿಸಿಲಿನಲ್ಲಿ ಮಡಕೆಯ ನೀರು ಗಂಟಲು ಕೊರೆಯುವಷ್ಟು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಮಂಗಳೂರಿಗೆ ಒಯ್ದಿಡಿ, ಆ ತಂಪು ಬರುವುದಿಲ್ಲ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವ ನೀರು ಉಳಿದ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೊಲೊರಾಡೊದ ಎತ್ತರದ ಗಾಳಿ ಒಣಗಾಳಿ. ಹಿಮ ಮಾಡುವ ಯಂತ್ರ, ಅಂದರೆ ಸ್ನೋ ಗನ್, ನೀರನ್ನು ಸಣ್ಣ ಹನಿಗಳಾಗಿ ಸಿಡಿಸಿ ಆ ಗಾಳಿಗೆ ಒಪ್ಪಿಸುತ್ತದೆ. ಒಂದು ಪಾಲು ನೀರು ಆವಿಯಾಗಿ ಹೋದರೆ ಅದು ಕಸಿದುಕೊಂಡ ಬಿಸಿಯ ಲೆಕ್ಕದಲ್ಲಿ ಏಳು ಪಾಲು ನೀರು ಹೆಪ್ಪುಗಟ್ಟಬಹುದು. ಹೀಗಾಗಿ ಯಂತ್ರ ನಡೆಸುವವರು ಬರಿಯ ಉಷ್ಣಮಾಪಕವನ್ನು ನಂಬುವುದಿಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕೆಯನ್ನು ಕೇಳುತ್ತಾರೆ. ಅವರ ಭಾಷೆಯಲ್ಲಿ ಅದು ‘ವೆಟ್ ಬಲ್ಬ್’. ಅದು ಸುಮಾರು ಮೈನಸ್ 2.5 ಡಿಗ್ರಿಗೆ ಇಳಿದರೆ ಸಾಕು, ಕೆಲಸ ಶುರು. ಗಾಳಿ ಚೆನ್ನಾಗಿ ಒಣಗಿದ್ದರೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದಾಗಲೂ ಹಿಮ ಬೀಳಿಸಬಹುದು!

ಇನ್ನೊಂದು ಅಚ್ಚರಿ ಹನಿಯೊಳಗೇ ಇದೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ? ಪರಿಶುದ್ಧ ನೀರಿನ ಸಣ್ಣ ಹನಿ ಮೈನಸ್ 38ರ ಹತ್ತಿರದವರೆಗೂ ನೀರಾಗಿಯೇ ಇರಬಲ್ಲದು. ಹೆಪ್ಪಾಗಲು ಅದಕ್ಕೊಂದು ಬೀಜ ಬೇಕು, ಹಾಲು ಮೊಸರಾಗಲು ಹೆಪ್ಪು ಬೇಕಾದಂತೆ. ದೂಳಿನ ಕಣವಾದರೂ ಆದೀತು. ಎಲ್ಲಕ್ಕಿಂತ ಚುರುಕಾದ ಬೀಜ ಸಿಕ್ಕಿದ್ದು ಎಲೆಗಳ ಮೇಲೆ. ಸ್ಯೂಡೊಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯಾ ಬೆಳೆಗಳಿಗೆ ಹಿಮದ ಪೆಟ್ಟು ತರುತ್ತದೆ ಎಂಬುದನ್ನು 1970ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪತ್ತೆ ಮಾಡಿದರು. ಅದರ ಮೈಮೇಲಿನ ಪ್ರೋಟೀನು ನೀರಿನ ಅಣುಗಳನ್ನು ಮಂಜುಗಡ್ಡೆಯ ವಿನ್ಯಾಸದಲ್ಲೇ ಸಾಲಾಗಿ ನಿಲ್ಲಿಸಿಬಿಡುತ್ತದೆ. ಬೆಳೆ ಸುಡುವ ಆ ಜೀವಿಯನ್ನೇ ಕೊಂದು ಒಣಗಿಸಿ, ಪುಡಿ ಮಾಡಿ, ಈಗ ಸ್ಕೀ ಬೆಟ್ಟಗಳ ನೀರಿಗೆ ಬೆರೆಸುವುದುಂಟು. 2017ರಲ್ಲಿ ನಮ್ಮ ಸರ್ಕಾರ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತಲ್ಲ, ಅಲ್ಲಿ ಬಳಸಿದ ಸಿಲ್ವರ್ ಅಯೋಡೈಡ್ ಕೂಡ ಇಂಥದೇ ಒಂದು ಬೀಜ.

ಈ ಯಂತ್ರದ ಹುಟ್ಟೂ ಒಂದು ಕಥೆ. 1950ರ ಮಾರ್ಚ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಒಂದು ಸ್ಕೀ ತಯಾರಿಕಾ ಕಂಪನಿಯ ಗೆಳೆಯರು ಹಿಮವಿಲ್ಲದ ಚಳಿಗಾಲದಿಂದ ಕಂಗೆಟ್ಟು, ಬಣ್ಣ ಸಿಂಪಡಿಸುವ ಕಂಪ್ರೆಸರ್, ಒಂದು ಮೂತಿ, ತೋಟಕ್ಕೆ ನೀರು ಬಿಡುವ ಪೈಪು, ಇಷ್ಟನ್ನೇ ಜೋಡಿಸಿ ಹಿಮ ಮಾಡಿದರು. ಅಷ್ಟೇ ಸಾಮಾನು!

ಹೀಗೆ ಹುಟ್ಟಿದ ಹಿಮಕ್ಕೆ ಆರು ಎಸಳುಗಳಿಲ್ಲ. ಹನಿಯ ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ಒಳಗು ಗಟ್ಟಿಯಾಗಿ, ಸಾಬೂದಾನಿಯಂಥ ಕಾಳುಗಳು ಬೀಳುತ್ತವೆ. ಚಂದ ಕಡಿಮೆ, ಬಾಳಿಕೆ ಹೆಚ್ಚು. ಸುಮಾರು 45 ಸೆಂಟಿಮೀಟರ್ ದಪ್ಪಕ್ಕೆ ಬಂದರೆ ಅರಾಪಾಹೊ ಬೇಸಿನ್ ಲಿಫ್ಟ್ ಓಡಿಸುತ್ತದೆ. ಕಂದುಬಣ್ಣದ ಬೆಟ್ಟದ ಮೈಮೇಲೆ ಒಂದೇ ಒಂದು ಬಿಳಿ ಪಟ್ಟಿ. ಕಿಕ್ಕಿರಿದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಷ್ಟು ಜನ ಸೇರುವುದರಿಂದ ಅಲ್ಲಿಯವರು ಅದನ್ನು ‘ಸಾವಿನ ಬಿಳಿ ರಿಬ್ಬನ್’ ಎನ್ನುತ್ತಾರೆ, ಎಂದು ಹೇಳಿ ಬೆಳಗಾಗುವ ಮೊದಲೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ನಾನು ಇಲ್ಲಿಗೇ ನಿಂತಿದ್ದರೆ ನಿಜವಾದ ಬೆರಗು ತಪ್ಪಿಹೋಗುತ್ತಿತ್ತು. ಆ ಒಂದು ಪಟ್ಟಿಯ ಆಚೆ ಇಡೀ ಬೆಟ್ಟವಿದೆ, ಕಡಿದಾದ ಬೋಗುಣಿಗಳು, ಬಂಡೆಸಂದಿನ ಓಣಿಗಳು. ಅಲ್ಲಿ ಬೀಳುವುದು ಮೋಡದ ಹಿಮವೇ. ಅಕ್ಟೋಬರಿನಲ್ಲೇ ಚೆನ್ನಾಗಿ ಬಿದ್ದರೂ ಹಗ್ಗ ಕಟ್ಟಿ ‘ಪ್ರವೇಶವಿಲ್ಲ’ ಎಂದಿರುತ್ತದೆ. ಯಾಕೆ? ಮೊದಲು ಬಿದ್ದ ಹಿಮವೇ ಆ ಇಡೀ ಋತುವಿನ ಅತಿ ದುರ್ಬಲ ಪದರವಾಗಬಹುದು ಎಂಬ ಕಾರಣಕ್ಕೆ!

ನೆಲ ಬೇಸಿಗೆಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿರುತ್ತದೆ, ಹಿಮದ ಅಡಿ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ. ಮೇಲ್ಮೈ ಮಾತ್ರ ನಿಚ್ಚಳ ರಾತ್ರಿಯ ಆಕಾಶಕ್ಕೆ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ಮರಗಟ್ಟಿರುತ್ತದೆ. ಹಿಮದ ಹೊದಿಕೆ ತೆಳ್ಳಗಿದ್ದಷ್ಟೂ ಈ ಎರಡರ ನಡುವಿನ ಇಳಿಕೆ ಕಡಿದು. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚಾಯಿತೆಂದರೆ ಅಡಿಯ ಹರಳುಗಳಿಂದ ಆವಿ ಎದ್ದು ಮೇಲಿನ ಹರಳುಗಳಿಗೆ ಅಂಟಿಕೊಳ್ಳತೊಡಗುತ್ತದೆ. ಯಾರ ಕಣ್ಣಿಗೂ ಬೀಳದೆ, ಸದ್ದಿಲ್ಲದೆ, ವಾರಗಟ್ಟಲೆ. ಎಸಳುಗಳು ಅಳಿದು, ಮೈತುಂಬ ಗೆರೆ ಕೊರೆದ ಪುಟ್ಟ ಬಟ್ಟಲಿನಾಕಾರದ ಹರಳುಗಳು ಬೆಳೆಯುತ್ತವೆ. ಎಷ್ಟು ಸುಂದರ! ಆದರೆ ಒಂದಕ್ಕೊಂದು ಕೈಹಿಡಿಯುವುದೇ ಇಲ್ಲ. ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ‘ಸಕ್ಕರೆ ಹಿಮ’ ಎಂದು ಕರೆಯುವುದು ಅದಕ್ಕೇ. ಡಿಸೆಂಬರಿನ ದಪ್ಪ ಹಿಮ ಈ ಸಕ್ಕರೆಯ ಮೇಲೆ ಕೂತಾಗ ಒಬ್ಬ ಸ್ಕೀಗಾರನ ಭಾರಕ್ಕೇ ಇಡೀ ಇಳಿಜಾರು ಜಾರಬಹುದು.

ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಅಕ್ಟೋಬರ್ ಹಿಮ ಪೂರ್ತಿ ಕರಗಿಹೋಗುತ್ತದೆ. ಸದ್ಯ, ನೆಲ ಚೊಕ್ಕಟವಾಯಿತು. ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರಿನಲ್ಲಿ ಅದು ಉಳಿದುಕೊಂಡು ಕೆಡುತ್ತದೆ. ಬೇಗ ಬಿದ್ದ ಹಿಮ ಕರಗಲೆಂದು ಹಿಮ ಬಲ್ಲವರೇ ಬಯಸುವ ದಿನಗಳಿರುತ್ತವೆ ಎಂದರೆ ನಂಬುತ್ತೀರಾ?

ಕರಗದಿದ್ದರೆ? ತುಳಿಯುತ್ತಾರೆ. ಹೌದು, ಬರಿಯ ಬೂಟುಗಾಲಿನಲ್ಲಿ! ಕೊಲೊರಾಡೊದ ಆಸ್ಪೆನ್ ಹೈಲ್ಯಾಂಡ್ಸ್ ಬೆಟ್ಟದಲ್ಲಿ ಹೈಲ್ಯಾಂಡ್ ಬೌಲ್ ಎಂಬ ದೊಡ್ಡ ಬೋಗುಣಿಯಿದೆ, ಅದರ ನೆತ್ತಿ 3,777 ಮೀಟರ್. 1984ರ ಮಾರ್ಚ್‌ನಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸ್ಕೀ ಗಸ್ತಿನ ಮೂವರು ಪ್ರಾಣ ಬಿಟ್ಟರು. ಇಂದು ಪ್ರತಿ ಋತುವಿನ ಆರಂಭದಲ್ಲಿ ಜನ ಅಲ್ಲಿ ಸಾಲುಗಟ್ಟಿ, ಗೋಡೆಗೆ ಮಣ್ಣು ತುಳಿಯುವವರ ಹಾಗೆ, ಮೊಣಕಾಲುದ್ದ ಹಿಮದಲ್ಲಿ ಹೆಜ್ಜೆಯ ಪಕ್ಕ ಹೆಜ್ಜೆ ಊರುತ್ತ ಇಳಿಯುತ್ತಾರೆ. ಒಂದೊಂದು ಹೆಜ್ಜೆಯೂ ಸಕ್ಕರೆ ಪದರವನ್ನು ತೂರಿ ಹೋಗಿ, ಮೇಲಿನದನ್ನೂ ಕೆಳಗಿನದನ್ನೂ ಕಲಸಿ ಒತ್ತುತ್ತದೆ. ಕಾಲ ಕೆಳಗೆ ಪುಡಿಯಾದ ಹರಳುಗಳು ಸ್ವಲ್ಪ ಹೊತ್ತಿಗೆ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಬಾಂಬು ಸಿಡಿಸಿ ಹಿಮಕುಸಿತ ಬೀಳಿಸುವ ವಿದ್ಯೆ ಈ ಬೆಟ್ಟಗಳಿಗೆ ಚೆನ್ನಾಗಿ ಗೊತ್ತು, ಆದರೂ ಮನುಷ್ಯನ ಪಾದ ಮಾಡುವ ಈ ಕೆಲಸವನ್ನು ಅವರು ಬಿಟ್ಟಿಲ್ಲ. ನಿಗದಿಪಡಿಸಿದಷ್ಟು ದಿನ ತುಳಿದವರಿಗೆ ಕೂಲಿಯಾಗಿ ಸಿಗುವುದು ಸ್ಕೀ ಪಾಸ್.

ಆಮೇಲೆ ಒಂದು ಬೆಳಿಗ್ಗೆ ಗಸ್ತಿನವರು ಹಗ್ಗ ಇಳಿಸುತ್ತಾರೆ. ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಜನ ಏಣಿನುದ್ದಕ್ಕೂ ಇರುವೆಸಾಲಿನ ಹಾಗೆ ನೆತ್ತಿಗೆ ನಡೆಯುತ್ತಾರೆ. ಹೊಸ ಹಿಮ ಎಲ್ಲವನ್ನೂ ಮುಚ್ಚಿರುತ್ತದೆ, ಹೆಜ್ಜೆಯ ಒಂದು ಗುರುತೂ ಕಾಣುವುದಿಲ್ಲ. ಸಾಲಿನಲ್ಲಿ ತುಳಿದವರೂ ಇರುತ್ತಾರೆ. ಮೇಲೆ ನಿಂತು ಬೂಟು ಬಿಗಿದುಕೊಳ್ಳುವಾಗ, ಆ ಬಿಳುಪಿನ ಅಡಿಯಲ್ಲಿ ತಮ್ಮ ಸಾಲು ಯಾವುದೆಂದು ಅವರು ಕಣ್ಣಳತೆಯಲ್ಲೇ ಹುಡುಕುತ್ತಿರಬೇಕು.